ಗಣಕಯಂತ್ರವೂ ದೇಶಾಚಾರವೂ

ಸ್ಮರಣ ಸಂಚಿಕೆಗಳಲ್ಲಿ ಶಾಲೆಯ ಪೂರ್ವಚರಿತ್ರೆಯನ್ನೂ ಉಪಕಾರಿಗಳ ಗುಣಸ್ಮರಣೆಯನ್ನೂ ಬರೆಯುವುದು ರೂಢಿಯಾಗಿರುವುದಷ್ಟೆ. ಆ ಕಾರ್ಯವನ್ನು ಬೇರೆ ಲೇಖನಗಳು ನೆರವೇರಿಸಿರುವುದರಿಂದ, ಈ ಕೆಲವು ಪುಟಗಳಲ್ಲಿ ನಮ್ಮ ಮನೆಗಳಿಗೂ ಕಚೇರಿಗಳಿಗೂ ತರಗತಿಗಳಿಗೂ ಈಗ ಸಮಾನವಾಗಿ ಸಂಬಂಧಿಸಿರುವ ಒಂದು ವಿಷಯವನ್ನು ವಾಚಕರ ವಿಮರ್ಶೆಗೆ ಒಪ್ಪಿಸಲು ಅಪ್ಪಣೆ ಬೇಡುತ್ತೇನೆ. ಆ ವಿಷಯವು ಯಾವುದೆಂದರೆ, ಗಣಕಯಂತ್ರವೂ ಮೊಬೈಲೂ ಅಂತರ್ಜಾಲವೂ ಎಲ್ಲಾ ದೇಶಗಳಲ್ಲಿ ಒಂದೇ ಬಗೆಯವಾಗಿದ್ದರೂ, ಅವುಗಳನ್ನು ಆಳುವ ಕೆಲಸವು ದೇಶದಿಂದ ದೇಶಕ್ಕೆ ಭಿನ್ನವಾಗಿ ಕಷ್ಟವಾಗುವುದೇಕೆ ಎಂಬುದು.

ಯಂತ್ರಕ್ಕೆ ಜಾತಿಯಿಲ್ಲ, ದೇಶವಿಲ್ಲ ಎಂದು ಹೇಳುವವರುಂಟು. ಈ ಮಾತು ಅರ್ಧ ಮಾತ್ರ ಸತ್ಯ. ಯಂತ್ರವನ್ನು ಕಲ್ಪಿಸಿದವನು ತನ್ನ ದೇಶದ ನಡೆನುಡಿಗಳನ್ನು ಅರಿಯದೆಯೇ ಅದರೊಳಗೆ ಇಟ್ಟಿರುತ್ತಾನೆ. ಅದನ್ನು ಬಳಸುವವನು ತನ್ನ ದೇಶದ ನಡೆನುಡಿಗಳನ್ನು ಅರಿಯದೆಯೇ ಅದಕ್ಕೆ ತೊಡಿಸುತ್ತಾನೆ. ಈ ಎರಡು ಆಚಾರಗಳು ಎಲ್ಲಿ ಪರಸ್ಪರ ಒಪ್ಪುವುದಿಲ್ಲವೋ ಅಲ್ಲಿ ತೊಡಕು ಹುಟ್ಟುತ್ತದೆ. ಆ ತೊಡಕಿನ ಭಾರವು ಹೆಚ್ಚಾಗಿ ಬಲವಿಲ್ಲದವರ ಮೇಲೆ ಬೀಳುತ್ತದೆ. ನಮ್ಮ ದೇಶದಲ್ಲಿ ಹಾಗೆ ಭಾರ ಹೊರುವವರಲ್ಲಿ ಹೆಣ್ಣುಮಕ್ಕಳು ಮುಂದಿರುವುದರಿಂದಲೇ ಒಂದು ಹೆಣ್ಣುಮಕ್ಕಳ ಶಾಲೆಯ ಸಂಚಿಕೆಯಲ್ಲಿ ಈ ಚರ್ಚೆಗೆ ಸ್ಥಾನವುಂಟೆಂದು ನನ್ನ ಎಣಿಕೆ.

ಈ ಸಂಗತಿಯು ಹೊಸದೇನೂ ಅಲ್ಲ. ಮುದ್ರಣವೂ ಒಂದು ಕಾಲದಲ್ಲಿ ಹೊಸ ಮಾಹಿತಿ ತಂತ್ರವೇ ಆಗಿತ್ತು. 1843ರಲ್ಲಿ ಬಾಸೆಲ್ ಮಿಶನ್ನಿನ ಹೆರ್ಮನ್ ಮೋಗ್ಲಿಂಗರು ಕನ್ನಡದ ಮೊದಲ ಸಮಾಚಾರ ಪತ್ರಿಕೆಯಾದ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದಾಗ ಅದನ್ನು ಕಲ್ಲಚ್ಚಿನಲ್ಲಿ ಮುದ್ರಿಸಿದರು. ಇಪ್ಪತ್ತಾರು ಅಕ್ಷರಗಳನ್ನು ಸಾಲಾಗಿ ಜೋಡಿಸುವುದಕ್ಕೆಂದು ಯೂರೋಪಿನಲ್ಲಿ ಬೆಳೆದ ಅಚ್ಚುಮೊಳೆಯ ಪದ್ಧತಿಗೆ ನಮ್ಮ ಕಾಗುಣಿತವೂ ಒತ್ತಕ್ಷರಗಳೂ ದೊಡ್ಡ ಸಮಸ್ಯೆಯಾಗಿದ್ದುವು. ಕನ್ನಡಕ್ಕೆ ಮೊಳೆಗಳನ್ನು ಎರೆಯಬೇಕಾದರೆ ಮೊದಲು ಕನ್ನಡವನ್ನು ಕಲಿಯಬೇಕಾಯಿತು. ಅದೇ ಮಿಶನ್ನಿನ ಕಿಟ್ಟೆಲ್ ಪಂಡಿತರ ನಿಘಂಟು 1894ರಲ್ಲಿ ಪ್ರಕಟವಾಗುವ ಹೊತ್ತಿಗೆ ಯಂತ್ರವು ಭಾಷೆಗೆ ತಲೆಬಾಗಿತ್ತು. ಭಾಷೆಯು ಯಂತ್ರಕ್ಕೆ ತಲೆಬಾಗಲಿಲ್ಲ. ಗಣಕಯಂತ್ರದ ವಿಷಯದಲ್ಲಿಯೂ ಇದೇ ಕಥೆ ಮತ್ತೊಮ್ಮೆ ನಡೆಯಿತು. 1991ರಲ್ಲಿ ಯೂನಿಕೋಡ್ ಎಂಬ ಜಾಗತಿಕ ಸಂಕೇತಪದ್ಧತಿಯ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆತರೂ, ಅನಂತರವೂ ಬಹುಕಾಲ ಒಂದು ಕಚೇರಿಯ ಯಂತ್ರದಲ್ಲಿ ಬೆರಳಚ್ಚು ಮಾಡಿದ ಕನ್ನಡವು ಮತ್ತೊಂದು ಕಚೇರಿಯ ಯಂತ್ರದಲ್ಲಿ ಅರ್ಥವಿಲ್ಲದ ಚಿಹ್ನೆಗಳ ಸಾಲಾಗಿ ಕಾಣಿಸುತ್ತಿದ್ದುದನ್ನು ವಾಚಕರಲ್ಲಿ ಅನೇಕರು ಬಲ್ಲರು.

ದೇಶಾಚಾರವೆಂಬುದನ್ನು ಅಳೆಯಲು ಪ್ರಯತ್ನಿಸಿದ ವಿದ್ವಾಂಸರಲ್ಲಿ ಹಾಲೆಂಡಿನ ಗೇರ್ಟ್ ಹಾಫ್‌ಸ್ಟೆಡ್ ಎಂಬವರು ಪ್ರಸಿದ್ಧರು. ಐಬಿಎಂ ಎಂಬ ಗಣಕಯಂತ್ರ ಸಂಸ್ಥೆಯ ನೌಕರರಿಗೆ 1967ರಿಂದ 1973ರ ವರೆಗೆ ಅನೇಕ ದೇಶಗಳಲ್ಲಿ ಕೊಡಲ್ಪಟ್ಟ ಒಂದು ಲಕ್ಷಕ್ಕೂ ಮಿಕ್ಕಿದ ಪ್ರಶ್ನಾವಳಿಗಳನ್ನು ಪರಿಶೀಲಿಸಿ, ತಮ್ಮ ನಿರ್ಣಯಗಳನ್ನು 1980ರಲ್ಲಿ ಗ್ರಂಥರೂಪವಾಗಿ ಪ್ರಕಟಿಸಿದರು. ಅವರು ಹೇಳಿದ ಗುಣಗಳಲ್ಲಿ ಒಂದು ‘ಅಧಿಕಾರದ ಅಂತರ’; ಎಂದರೆ ಮೇಲಿನವನಿಗೂ ಕೆಳಗಿನವನಿಗೂ ನಡುವಣ ದೂರವನ್ನು ಜನರು ಎಷ್ಟರಮಟ್ಟಿಗೆ ಸಹಜವೆಂದು ಒಪ್ಪಿಕೊಂಡಿರುವರೆಂಬುದು. ಅವರ ಮಾನದಂಡದಲ್ಲಿ ಭಾರತಕ್ಕೆ 77, ಬ್ರಿಟನ್ನಿಗೆ 35. ಮತ್ತೊಂದು ಗುಣವು ಅನಿಶ್ಚಯವನ್ನು ಕುರಿತ ಅಂಜಿಕೆ. ಇದರಲ್ಲಿ ಜಪಾನಿಗೆ 92, ಭಾರತಕ್ಕೆ 40. ಒಂದೇ ಸಂಸ್ಥೆಯ ನೌಕರರು ಒಂದು ಇಡೀ ಜನಾಂಗಕ್ಕೆ ಪ್ರತಿನಿಧಿಗಳಾಗಬಲ್ಲರೇ ಎಂದು ಇದನ್ನು ಆಕ್ಷೇಪಿಸಿದ ಪಂಡಿತರೂ ಇದ್ದಾರೆ. ಆ ಆಕ್ಷೇಪದಲ್ಲಿ ಬಹಳ ಹುರುಳುಂಟು. ಬೀದರದ ಗೃಹಿಣಿಗೂ ಬೆಂಗಳೂರಿನ ಇಂಜಿನಿಯರಳಿಗೂ ಒಂದೇ ಅಂಕವನ್ನು ಕೊಡುವುದು ಉಚಿತವಲ್ಲ. ಆದಕಾರಣ ಅಂಕಗಳನ್ನು ಅಲ್ಲಿಯೇ ಬಿಟ್ಟು, ಕೆಲವು ದೇಶಗಳಲ್ಲಿ ನಿಜವಾಗಿ ನಡೆದುದನ್ನು ನೋಡೋಣ.

ಮೊದಲು ಜಪಾನನ್ನು ತೆಗೆದುಕೊಳ್ಳೋಣ. ಯಂತ್ರನಿರ್ಮಾಣದಲ್ಲಿ ಲೋಕಕ್ಕೆ ಗುರುವೆನಿಸಿದ ಈ ದೇಶದಲ್ಲಿ ಹೆಸರಿನ ಮುದ್ರೆಯನ್ನು ಒತ್ತದ ಕಾಗದಕ್ಕೆ ಬಹುಕಾಲ ಬೆಲೆಯಿರಲಿಲ್ಲ. ‘ಹಾಂಕೊ’ ಎನ್ನಿಸಿಕೊಳ್ಳುವ ಆ ಸಣ್ಣ ಮುದ್ರೆಯು ಒಂದು ತೀರ್ಮಾನದಲ್ಲಿ ಹಿರಿಯರೂ ಕಿರಿಯರೂ ಎಲ್ಲರೂ ಒಮ್ಮತವಾಗಿರುವರೆಂಬುದಕ್ಕೆ ಗುರುತು. 2020ರಲ್ಲಿ ಮಹಾಮಾರಿಯು ಹರಡಿ, ಮನೆಯಲ್ಲಿಯೇ ಕುಳಿತು ಕೆಲಸ ಮಾಡಿರೆಂದು ಸರಕಾರವು ಬೇಡಿಕೊಂಡಾಗ, ಕೇವಲ ಈ ಮುದ್ರೆಯನ್ನು ಒತ್ತುವುದಕ್ಕೋಸ್ಕರ ಜನರು ರೈಲು ಹತ್ತಿ ಕಚೇರಿಗಳಿಗೆ ಹೋಗಬೇಕಾಯಿತು. ಯಂತ್ರಕ್ಕೆ ಕೊರತೆಯಿರಲಿಲ್ಲ, ಮುದ್ರೆಯನ್ನು ಬಿಡುವ ಮನಸ್ಸಿಗೆ ಕೊರತೆಯಿತ್ತು. ಆ ಬಳಿಕ ಸರಕಾರವು ತನ್ನ ಬಹುಮಟ್ಟಿನ ವ್ಯವಹಾರಗಳಿಂದ ಮುದ್ರೆಯನ್ನು ತೆಗೆದುಹಾಕಲು ಹೊರಟಿತು. 2021ರ ಸೆಪ್ಟೆಂಬರಿನಲ್ಲಿ ಇಂತಹ ಸುಧಾರಣೆಗಾಗಿಯೇ ಒಂದು ಪ್ರತ್ಯೇಕ ಇಲಾಖೆಯನ್ನು ಸ್ಥಾಪಿಸಿತು. ಫ್ಲಾಪಿ ಎಂಬ ಹಳೆಯ ತಟ್ಟೆಗಳಲ್ಲಿ ದಾಖಲೆಗಳನ್ನು ಒಪ್ಪಿಸಬೇಕೆಂಬ ಸಾವಿರಕ್ಕೂ ಹೆಚ್ಚಿನ ನಿಯಮಗಳು ಅಲ್ಲಿ ರದ್ದಾದುದು 2024ರಲ್ಲಿ ಎಂದರೆ ವಾಚಕರು ಆಶ್ಚರ್ಯಪಡಬಹುದು.

ಜರ್ಮನಿಯ ತೊಡಕು ಬೇರೆ ಬಗೆಯದು. ಪ್ರಜೆಗಳ ಪಟ್ಟಿಯನ್ನು ಇಟ್ಟುಕೊಂಡ ಸರಕಾರವು ಆ ಪಟ್ಟಿಯಿಂದ ಏನು ಮಾಡಬಲ್ಲದೆಂಬುದನ್ನು ಆ ಜನರು ನಾಜಿಗಳ ಕಾಲದಲ್ಲಿಯೂ, ಪೂರ್ವ ಜರ್ಮನಿಯವರು ಗುಪ್ತ ಪೋಲೀಸರ ಕಾಲದಲ್ಲಿಯೂ ಕಂಡುಂಡವರು. 1983ರಲ್ಲಿ ಪಶ್ಚಿಮ ಜರ್ಮನಿಯ ಸರಕಾರವು ಜನಗಣತಿಯನ್ನು ಮಾಡಹೊರಟಾಗ ಪ್ರಜೆಗಳು ಪ್ರತಿಭಟಿಸಿದರು; ತನ್ನನ್ನು ಕುರಿತ ಸಮಾಚಾರದ ಮೇಲೆ ತನಗೇ ಅಧಿಕಾರವುಂಟೆಂಬ ತತ್ತ್ವವನ್ನು ಅಲ್ಲಿಯ ಸಂವಿಧಾನ ನ್ಯಾಯಾಲಯವು ಅದೇ ವರ್ಷದ ಡಿಸೆಂಬರಿನಲ್ಲಿ ಎತ್ತಿಹಿಡಿಯಿತು. 2010ರಲ್ಲಿ ಗೂಗಲ್ ಸಂಸ್ಥೆಯವರು ಬೀದಿಗಳ ಚಿತ್ರಗಳನ್ನು ತೆಗೆದಾಗ ಸುಮಾರು 2 ಲಕ್ಷ 44 ಸಾವಿರ ಮನೆಗಳವರು ತಮ್ಮ ಮನೆಯ ಚಿತ್ರವನ್ನು ಮಸುಕುಗೊಳಿಸಿರೆಂದು ಕೇಳಿಕೊಂಡರು. ನಮ್ಮವರು ಮನೆಯ ಗೃಹಪ್ರವೇಶದ ಚಿತ್ರವನ್ನು ತಾವೇ ಊರಿಗೆಲ್ಲಾ ಕಳುಹಿಸುವರಷ್ಟೆ! ಒಂದೇ ಯಂತ್ರವು ಒಂದು ದೇಶದಲ್ಲಿ ಭಯವನ್ನೂ ಮತ್ತೊಂದು ದೇಶದಲ್ಲಿ ಸಂಭ್ರಮವನ್ನೂ ಹುಟ್ಟಿಸುವುದಕ್ಕೆ ಆಯಾ ಜನರ ನೆನಪುಗಳೇ ಕಾರಣವೆಂಬುದು ಇದರಿಂದ ಸ್ಪಷ್ಟವಾಗುವುದು.

ಜರ್ಮನಿಯಿಂದ ಬಹಳ ದೂರವಲ್ಲದ ಎಸ್ಟೋನಿಯವು ಕೇವಲ 13 ಲಕ್ಷದಷ್ಟು ಪ್ರಜೆಗಳುಳ್ಳ ಸಣ್ಣ ರಾಜ್ಯ. 1991ರಲ್ಲಿ ಸೋವಿಯತ್ ಒಕ್ಕೂಟದಿಂದ ಬಿಡುಗಡೆ ಹೊಂದಿದ ಮೇಲೆ ಹಳೆಯದನ್ನೆಲ್ಲಾ ಬಿಟ್ಟು ಹೊಸದಾಗಿ ಕಟ್ಟಬೇಕೆಂಬ ಛಲವನ್ನು ತೊಟ್ಟ ಈ ಜನರು 2002ರಿಂದ ಪ್ರತಿಯೊಬ್ಬರಿಗೂ ಗುರುತಿನ ಚೀಟಿಯನ್ನು ಕೊಡತೊಡಗಿದರು. 2005ರಲ್ಲಿ ಅಂತರ್ಜಾಲದ ಮೂಲಕ ಮತದಾನವನ್ನು ನಡೆಸಿದರು. ಅಲ್ಲಿ ಗಮನಿಸತಕ್ಕ ವಿಶೇಷವೇನೆಂದರೆ, ತನ್ನ ದಾಖಲೆಯನ್ನು ಯಾವ ಅಧಿಕಾರಿಯು ತೆರೆದು ನೋಡಿದನೆಂಬುದನ್ನು ಪ್ರಜೆಯು ತಾನೇ ನೋಡಬಹುದು. 2017ರಲ್ಲಿ ಸುಮಾರು ಏಳೂವರೆ ಲಕ್ಷ ಚೀಟಿಗಳಲ್ಲಿ ಒಂದು ದೋಷವಿರುವುದು ತಿಳಿದುಬಂತು. ಸರಕಾರವು ಅದನ್ನು ಮುಚ್ಚಿಡಲಿಲ್ಲ. ಸೆಪ್ಟೆಂಬರಿನಲ್ಲಿ ಪ್ರಜೆಗಳಿಗೆ ಬಹಿರಂಗವಾಗಿ ತಿಳಿಸಿ, ನವೆಂಬರಿನಲ್ಲಿ ದೋಷಯುಕ್ತವಾದವುಗಳನ್ನು ತಡೆಹಿಡಿದು ಸರಿಪಡಿಸಿತು. ಕೆಟ್ಟ ಸಮಾಚಾರವನ್ನು ಬೇಗನೆ ಹೇಳಿದುದರಿಂದಲೇ ಜನರ ವಿಶ್ವಾಸವು ಉಳಿಯಿತೆಂದು ನನ್ನ ಅಭಿಪ್ರಾಯ.

ಇದಕ್ಕೆ ನೇರವಾಗಿ ವಿರುದ್ಧವಾದುದು ಬ್ರಿಟನ್ನಿನಲ್ಲಿ ನಡೆಯಿತು. ಅಲ್ಲಿಯ ಅಂಚೆ ಸಂಸ್ಥೆಯು 1999ರಿಂದ ‘ಹೊರೈಜನ್’ ಎಂಬ ಗಣಕ ಲೆಕ್ಕಪದ್ಧತಿಯನ್ನು ತಂದಿತು. ಯಂತ್ರವು ಹಣ ಕಡಿಮೆಯಿದೆ ಎಂದು ತೋರಿಸಿದಾಗಲೆಲ್ಲಾ ಊರೂರಿನ ಉಪ ಅಂಚೆ ಮಾಸ್ತರರ ಮೇಲೆ ಕಳವಿನ ಅಪವಾದವನ್ನು ಹೊರಿಸಲಾಯಿತು. ತಪ್ಪು ಯಂತ್ರದ್ದೆಂದು ಅವರು ಮೊರೆಯಿಟ್ಟರೂ ಕೇಳುವವರಿರಲಿಲ್ಲ. ಒಂಬೈನೂರಕ್ಕೂ ಹೆಚ್ಚು ಜನರು ಅಪರಾಧಿಗಳೆಂದು ತೀರ್ಮಾನಿಸಲ್ಪಟ್ಟರು. ಕೆಲವರು ಸೆರೆಮನೆಗೆ ಹೋದರು, ಕೆಲವರು ಮನೆಮಠಗಳನ್ನು ಕಳೆದುಕೊಂಡರು. 2019ರ ಡಿಸೆಂಬರಿನಲ್ಲಿ ಉಚ್ಚ ನ್ಯಾಯಾಲಯವು ಆ ಯಂತ್ರದಲ್ಲಿ ದೋಷಗಳಿದ್ದುವೆಂದು ತೀರ್ಪಿತ್ತಿತು. 2024ರಲ್ಲಿ ಪಾರ್ಲಿಮೆಂಟು ಒಂದು ಕಾನೂನನ್ನೇ ಮಾಡಿ ಆ ಶಿಕ್ಷೆಗಳನ್ನು ರದ್ದುಗೊಳಿಸಬೇಕಾಯಿತು. ಹಾಫ್‌ಸ್ಟೆಡ್‌ರ ಮಾನದಂಡದಲ್ಲಿ ಅಧಿಕಾರದ ಅಂತರವು ಕಡಿಮೆಯೆಂದು ಎಣಿಸಲ್ಪಟ್ಟ ದೇಶವೇ ಇದು ಎಂಬುದನ್ನು ವಾಚಕರು ಮರೆಯಬಾರದು. ಬೇರೆ ನಿದರ್ಶನ ದೊರೆಯುವ ವರೆಗೆ ಯಂತ್ರವು ಸರಿಯಾಗಿಯೇ ಇತ್ತೆಂದು ಭಾವಿಸತಕ್ಕದ್ದೆಂಬ ನಿಯಮವು ಅಲ್ಲಿಯ ನ್ಯಾಯಪದ್ಧತಿಯಲ್ಲಿತ್ತು. ಹೆಸರುವಾಸಿಯಾದ ಸಂಸ್ಥೆಯು ಸುಳ್ಳು ಹೇಳಲಾರದೆಂಬ ಗೌರವಬುದ್ಧಿಯು ಜನರಲ್ಲಿತ್ತು. ಹೀಗೆ ಒಂದು ದೇಶದ ಸದ್ಗುಣವೇ ಯಂತ್ರದ ಸಹವಾಸದಿಂದ ನಿರಪರಾಧಿಗಳಿಗೆ ಉರುಳಾಯಿತು. ಆದುದರಿಂದ ನಾವು ಪಾಶ್ಚಾತ್ಯರಿಗಿಂತ ಕೀಳೆಂದಾಗಲಿ ಮೇಲೆಂದಾಗಲಿ ಎಣಿಸದೆ, ನಮ್ಮ ಸದ್ಗುಣಗಳು ನಮಗೆ ಎಲ್ಲಿ ಉರುಳಾಗುತ್ತಿವೆ ಎಂಬುದನ್ನು ವಿಚಾರಿಸುವುದು ಯೋಗ್ಯ.

ನಮ್ಮ ದೇಶದ ವಿಷಯದಲ್ಲಿ ನಾನು ಮೂರು ಸಂಗತಿಗಳನ್ನು ಹೇಳಬೇಕೆಂದಿದ್ದೇನೆ. ಮೊದಲನೆಯದು ಹೆಸರು. ಗಣಕಯಂತ್ರವು ‘ಮೊದಲ ಹೆಸರು, ಕೊನೆಯ ಹೆಸರು’ ಎಂದು ಎರಡು ಮನೆಗಳನ್ನು ಮಾಡಿಟ್ಟುಕೊಂಡು ನಮ್ಮನ್ನು ಕೇಳುತ್ತದೆ. ಹಳೆಯ ಮೈಸೂರು ಸೀಮೆಯಲ್ಲಿ ಊರಿನ ಮತ್ತು ತಂದೆಯ ಹೆಸರುಗಳ ಮೊದಲಕ್ಷರಗಳು ಮುಂದೆ ಬರುವುವು. ಉತ್ತರ ಕರ್ನಾಟಕದಲ್ಲಿ ತನ್ನ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂಬ ಕ್ರಮವುಂಟು. ಕರಾವಳಿಯ ಕ್ರೈಸ್ತ ಕುಟುಂಬಗಳಲ್ಲಿ ಮನೆತನದ ಹೆಸರು ರೂಢಿಯಲ್ಲಿದೆ. ಇಂಗ್ಲಿಷಿನಲ್ಲಿ ಬರೆಯುವಾಗ ನಮ್ಮ ‘ಕ್ಷ’ಕಾರವನ್ನು ಒಬ್ಬ ಗುಮಾಸ್ತನು ‘ಎಕ್ಸ್’ ಎಂಬ ಒಂದು ಅಕ್ಷರದಿಂದಲೂ, ಮತ್ತೊಬ್ಬನು ‘ಕೆ ಎಸ್ ಎಚ್’ ಎಂಬ ಮೂರು ಅಕ್ಷರಗಳಿಂದಲೂ ಬರೆಯುವನು. ಗಂಡುಮಗನು ಹೇಗಾದರೂ ಒಂದೇ ಹೆಸರಿನಿಂದ ಜೀವನವನ್ನು ಕಳೆಯುತ್ತಾನೆ. ಹೆಣ್ಣುಮಗಳಾದರೋ ಶಾಲೆಯ ಪ್ರಮಾಣಪತ್ರದಲ್ಲಿ ತಂದೆಯ ಹೆಸರಿನೊಡನೆಯೂ, ಮದುವೆಯ ಬಳಿಕ ಬ್ಯಾಂಕಿನಲ್ಲಿ ಗಂಡನ ಹೆಸರಿನೊಡನೆಯೂ, ಆಧಾರ್ ಚೀಟಿಯಲ್ಲಿ ಮತ್ತೊಂದು ಬಗೆಯಾಗಿಯೂ ಕಾಣಿಸಿಕೊಳ್ಳುವಳು. ಊರಿನ ಶಾನುಭೋಗನಿಗೆ ಇವರೆಲ್ಲಾ ಒಬ್ಬಳೇ ಎಂದು ಗೊತ್ತಿತ್ತು; ಯಂತ್ರಕ್ಕೆ ಅವಳು ಮೂವರು ಹೆಂಗಸರು. ಒಂದು ಅಕ್ಷರದ ವ್ಯತ್ಯಾಸದಿಂದ ವಿದ್ಯಾರ್ಥಿವೇತನವೂ ಪಿಂಚಣಿಯೂ ನಿಲ್ಲಬಹುದು.

ಎರಡನೆಯದು ಗುಟ್ಟು. ನಮ್ಮ ಮನೆಗಳಲ್ಲಿ ಕಾರ್ಡು ಬಂದರೆ ಜಗಲಿಯಲ್ಲಿ ಕುಳಿತು ಎಲ್ಲರಿಗೂ ಕೇಳುವಂತೆ ಓದುವುದು ವಾಡಿಕೆಯಾಗಿತ್ತು. ಮನೆಯೊಳಗೆ ಗುಟ್ಟಿಟ್ಟುಕೊಂಡವಳನ್ನು ಕಪಟಿಯೆಂದು ಎಣಿಸುತ್ತಿದ್ದರು. ಈ ಐಕಮತ್ಯವು ನಮ್ಮ ಸಂಸಾರಗಳ ಅಲಂಕಾರವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಯಂತ್ರವನ್ನು ಕಲ್ಪಿಸಿದವರು ಒಬ್ಬ ಮನುಷ್ಯನಿಗೆ ಒಂದು ಮೊಬೈಲು, ಒಂದು ಮೊಬೈಲಿಗೆ ಒಂದು ಗುಟ್ಟಿನ ಮಾತು ಎಂದು ಭಾವಿಸಿಕೊಂಡು ಅದನ್ನು ಕಟ್ಟಿದ್ದಾರೆ. 2019ರಿಂದ 2021ರ ವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ನಮ್ಮ ದೇಶದಲ್ಲಿ 15ರಿಂದ 49 ವಯಸ್ಸಿನ ಸ್ತ್ರೀಯರಲ್ಲಿ ತಾವೇ ಬಳಸುವ ಮೊಬೈಲನ್ನು ಉಳ್ಳವರು ನೂರಕ್ಕೆ ಸುಮಾರು 54 ಮಂದಿ. ಮಿಕ್ಕವರಲ್ಲಿ ಬ್ಯಾಂಕಿನ ವ್ಯವಹಾರವನ್ನು ಇಟ್ಟುಕೊಂಡವಳಿಗೆ ಬರುವ ಓಟಿಪಿ ಎಂಬ ಗುಟ್ಟಿನ ಸಂಖ್ಯೆಯು ಯಾರ ಕೈಗೆ ಹೋಗುವುದು? ಗಂಡನ ಕೈಗೆ, ಅಣ್ಣನ ಕೈಗೆ, ಮಗನ ಕೈಗೆ, ಒಮ್ಮೊಮ್ಮೆ ಮೊಬೈಲು ಅಂಗಡಿಯ ಹುಡುಗನ ಕೈಗೆ. ಹಣವು ಅವಳ ಹೆಸರಿನಲ್ಲಿರುವುದು. ಬೀಗದ ಕೈ ಮತ್ತೊಬ್ಬನ ಜೇಬಿನಲ್ಲಿರುವುದು.

ಗುಟ್ಟೆಂಬುದು ಪಾಶ್ಚಾತ್ಯರ ಪದಾರ್ಥ, ನಮಗೆ ಅದು ಬೇಡವೆಂದು ಕೆಲವರು ವಾದಿಸುವರು. ಅವರಿಗೆ ಉತ್ತರವು ನಮ್ಮ ನಾಡಿನಿಂದಲೇ ಹೋಯಿತು. ಆಧಾರ್ ಯೋಜನೆಯನ್ನು ಕುರಿತು 2012ರಲ್ಲಿ ಸರ್ವೋಚ್ಚ ನ್ಯಾಯಾಲಯದ ಬಾಗಿಲನ್ನು ತಟ್ಟಿದವರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿಗಳಾದ ಕೆ. ಎಸ್. ಪುಟ್ಟಸ್ವಾಮಿಯವರು. ಅವರ ಮೊಕದ್ದಮೆಯಲ್ಲಿಯೇ 2017ರ ಆಗಸ್ಟ್ 24ರಂದು ಒಂಬತ್ತು ಮಂದಿ ನ್ಯಾಯಾಧೀಶರು ಏಕಕಂಠದಿಂದ, ಖಾಸಗಿತನವು ಪ್ರಜೆಯ ಮೂಲಭೂತ ಹಕ್ಕೆಂದು ಸಾರಿದರು. 2023ರಲ್ಲಿ ವೈಯಕ್ತಿಕ ದತ್ತಾಂಶದ ರಕ್ಷಣೆಗಾಗಿ ಪಾರ್ಲಿಮೆಂಟು ಕಾನೂನನ್ನೂ ಮಾಡಿತು. ಹದಿನೆಂಟು ತುಂಬದ ಮಕ್ಕಳ ವಿಷಯದಲ್ಲಿ ತಾಯಿತಂದೆಗಳ ಒಪ್ಪಿಗೆಯು ಬೇಕೆಂದು ಅದರಲ್ಲಿ ವಿಧಿಸಿದೆ. ಆದರೆ ಮಗಳ ಪೆಟ್ಟಿಗೆಯನ್ನು ಕೇಳದೆ ತೆರೆಯುವುದು ತಪ್ಪಲ್ಲವೆಂದು ಎಣಿಸುವ ಮನೆಯಲ್ಲಿ ಆ ಕಾನೂನು ಏನು ಮಾಡೀತು?

ಮೂರನೆಯದು, ಎಲ್ಲಕ್ಕೂ ಮುಖ್ಯವಾದುದು, ಮೌನ. ಹಿರಿಯರ ಮುಂದೆ ಎದುರಾಡದಿರುವುದನ್ನು ನಾವು ಮಕ್ಕಳಿಗೆ ತೊಟ್ಟಿಲಿನಿಂದಲೇ ಕಲಿಸುತ್ತೇವೆ. ಇದೇ ಮಕ್ಕಳು ಬೆಳೆದು ಗಣಕ ಸಂಸ್ಥೆಗಳಲ್ಲಿ ನೌಕರಿಗೆ ಸೇರುತ್ತಾರೆ. ಪರದೇಶದ ಮೇಲಧಿಕಾರಿಯು, ಈ ಕೆಲಸವು ಶುಕ್ರವಾರಕ್ಕೆ ಮುಗಿಯುವುದೇ ಎಂದು ಕೇಳಿದರೆ, ಮುಗಿಯಲಾರದೆಂದು ಚೆನ್ನಾಗಿ ತಿಳಿದಿದ್ದರೂ ನಮ್ಮ ಹುಡುಗಿಯು ಮರ್ಯಾದೆಗೋಸ್ಕರ ಹೌದೆನ್ನುವಳು, ಇಲ್ಲವೆ ತಲೆಯನ್ನು ಅಕ್ಕಪಕ್ಕಕ್ಕೆ ಆಡಿಸುವಳು. ನಮ್ಮಲ್ಲಿ ಆ ಆಟಕ್ಕೆ ‘ತಮ್ಮ ಮಾತನ್ನು ಕೇಳಿಸಿಕೊಂಡೆ’ ಎಂಬಷ್ಟೇ ಅರ್ಥ. ಅವನಿಗಾದರೋ ಅದು ವಾಗ್ದಾನದಂತೆ ತೋರುವುದು. ಸೋಮವಾರ ಇಬ್ಬರಿಗೂ ದುಃಖ. ಯಂತ್ರದ ಕೆಲಸದಲ್ಲಿ ಸಣ್ಣ ದೋಷವನ್ನು ಮೊದಲ ದಿನವೇ ಹೇಳಿದರೆ ಒಂದು ಗಂಟೆಯಲ್ಲಿ ಸರಿಹೋಗುವುದು. ಆರು ತಿಂಗಳು ಮರ್ಯಾದೆಯಿಂದ ಮುಚ್ಚಿಟ್ಟರೆ ಇಡೀ ಕಟ್ಟಡವನ್ನೇ ಕೆಡವಬೇಕಾಗುವುದು. ದೋಷವು ಮೊದಲು ಕಣ್ಣಿಗೆ ಬೀಳುವುದು ಕೆಳಗೆ ಕುಳಿತು ಕೆಲಸ ಮಾಡುವವಳಿಗೇ ಹೊರತು ಮೇಲಧಿಕಾರಿಗಲ್ಲ. ಆದಕಾರಣ ಕೆಳಗಿನವಳು ಬಾಯಿ ತೆರೆಯದ ಕಚೇರಿಯಲ್ಲಿ ಯಂತ್ರವನ್ನು ಯಾರೂ ಆಳಲಾರರು.

ಈ ಮೌನದ ಫಲವನ್ನು ಕಚೇರಿಗಳಿಗಿಂತ ಕ್ರೂರವಾಗಿ ಮನೆಗಳು ಅನುಭವಿಸುತ್ತಿವೆ. ‘ಡಿಜಿಟಲ್ ಅರೆಸ್ಟ್’ ಎಂಬ ಮೋಸವನ್ನು ಎಲ್ಲರೂ ಕೇಳಿರುವಿರಿ. ಪೋಲೀಸರ ವೇಷವನ್ನು ಧರಿಸಿದ ಕಳ್ಳನು ಮೊಬೈಲಿನ ಪರದೆಯಲ್ಲಿ ಕಾಣಿಸಿಕೊಂಡು, ನಿಮ್ಮನ್ನು ಬಂಧಿಸಿದ್ದೇವೆ, ಕದಲಬೇಡಿರಿ, ಯಾರಿಗೂ ಹೇಳಬೇಡಿರಿ ಎಂದು ಗದರಿಸುತ್ತಾನೆ. ವಿದ್ಯಾವಂತರು ಕೂಡ ಗಂಟೆಗಟ್ಟಲೆ, ಕೆಲವರು ದಿನಗಟ್ಟಲೆ, ಅವನ ಎದುರಿಗೆ ಕೈಕಟ್ಟಿ ಕುಳಿತು ಆಯುಷ್ಯದ ಗಳಿಕೆಯನ್ನೆಲ್ಲಾ ಒಪ್ಪಿಸಿಬಿಡುತ್ತಾರೆ. 2024ರ ಮೊದಲ ನಾಲ್ಕು ತಿಂಗಳಲ್ಲಿಯೇ ಇದರಿಂದ ನಮ್ಮ ದೇಶದವರು ಕಳೆದುಕೊಂಡ ಹಣವು ಸುಮಾರು 120 ಕೋಟಿ ರೂಪಾಯಿಗಳೆಂದು ಕೇಂದ್ರ ಸರಕಾರದ ಇಲಾಖೆಯೇ ಲೆಕ್ಕ ಕೊಟ್ಟಿದೆ. ಇಂತಹ ಬಂಧನವು ನಮ್ಮ ಯಾವ ಕಾನೂನಿನಲ್ಲಿಯೂ ಇಲ್ಲ. ಆ ಕಳ್ಳನ ಆಯುಧವು ಗಣಕವಿದ್ಯೆಯಲ್ಲ. ಖಾಕಿಯ ಬಟ್ಟೆಯನ್ನೂ ಗಡಸು ಧ್ವನಿಯನ್ನೂ ಕಂಡರೆ ಪ್ರಶ್ನಿಸದೆ ತಲೆತಗ್ಗಿಸುವ ನಮ್ಮ ಅಭ್ಯಾಸವೇ ಅವನ ಆಯುಧ. ‘ತಾವು ಯಾರು? ತಮ್ಮ ಠಾಣೆ ಯಾವುದು? ನಾನೇ ಅಲ್ಲಿಗೆ ಬಂದು ವಿಚಾರಿಸುವೆನು’ ಎಂಬ ಮೂರು ವಾಕ್ಯಗಳನ್ನು ಧೈರ್ಯವಾಗಿ ಹೇಳಬಲ್ಲವಳನ್ನು ಅವನು ಮೋಸಗೊಳಿಸಲಾರನು.

ದೇಶಾಚಾರವನ್ನು ಅರಿತು ಯಂತ್ರವನ್ನು ಕಟ್ಟಿದ ಒಳ್ಳೆಯ ದೃಷ್ಟಾಂತವೂ ನಮ್ಮಲ್ಲಿಯೇ ಉಂಟು. ಕರ್ನಾಟಕ ಸರಕಾರದ ‘ಭೂಮಿ’ ಯೋಜನೆಯು ಈ ಶತಮಾನದ ಆರಂಭದಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳನ್ನು ಗಣಕಯಂತ್ರಕ್ಕೆ ತಂದು, 177 ತಾಲ್ಲೂಕುಗಳಲ್ಲಿ 15 ರೂಪಾಯಿಗೆ ಒಂದರಂತೆ ಒದಗಿಸಿತು. ಅದಕ್ಕೆ ಮುಂಚೆ ದಾಖಲೆಯು ಗ್ರಾಮಲೆಕ್ಕಿಗನ ಚೀಲದಲ್ಲಿತ್ತು. ರೈತನು ಅವನ ದಯೆಗಾಗಿ ಕಾಯಬೇಕಾಗಿತ್ತು. ದೊಡ್ಡವರ ಅರ್ಜಿ ಮುಂದೆ, ಬಡವರ ಅರ್ಜಿ ಹಿಂದೆ ಎಂಬ ನಮ್ಮ ಹಳೆಯ ಪದ್ಧತಿಯನ್ನು ಬಲ್ಲವರು ಆ ಯಂತ್ರವನ್ನು ಕಟ್ಟಿದ್ದರಿಂದ, ಖಾತೆ ಬದಲಾವಣೆಗೆ ಮೊದಲು ಬಂದ ಅರ್ಜಿಯನ್ನು ಮೊದಲೇ ತೀರಿಸತಕ್ಕದ್ದೆಂಬ ನಿಯಮವನ್ನು ಯಂತ್ರದೊಳಗೇ ಇಟ್ಟರು. ಅಧಿಕಾರಿಯು ಮುಂದೆ ‘ಇದನ್ನು ಮಾಡಿದವನು ನಾನಲ್ಲ’ ಎಂದು ಜಾರಿಕೊಳ್ಳದಂತೆ ಬೆರಳಿನ ಗುರುತನ್ನು ಒತ್ತಿಯೇ ಕೆಲಸವನ್ನು ಆರಂಭಿಸಬೇಕೆಂದು ವಿಧಿಸಿದರು. ಇದರಿಂದ ಎಲ್ಲಾ ಅನ್ಯಾಯಗಳೂ ತೀರಿದುವೆಂದಲ್ಲ. ಆದರೆ ತಮ್ಮ ಜನರ ಗುಣದೋಷಗಳನ್ನು ಮುಖಸ್ತುತಿಯಿಲ್ಲದೆ ತಿಳಿದವರು ಮಾತ್ರ ಯಂತ್ರವನ್ನು ಚೆನ್ನಾಗಿ ಆಳಬಲ್ಲರೆಂಬುದು ಇದರಿಂದ ತಿಳಿಯುವುದು.

ಹುಡುಗಿಯರಿಗೆ ಪ್ರಶ್ನೆ ಮಾಡಲು ಕಲಿಸಿದರೆ ಗುರುಹಿರಿಯರಲ್ಲಿ ಭಕ್ತಿಯು ನಾಶವಾಗದೇ ಎಂದು ಕೆಲವು ಪೋಷಕರು ಶಂಕಿಸಬಹುದು. ಈ ಶಂಕೆಯನ್ನು ನಾನು ಹಗುರವಾಗಿ ಎಣಿಸುವುದಿಲ್ಲ. ಒರಟುತನವನ್ನು ಧೈರ್ಯವೆಂದು ಭ್ರಮಿಸುವವರು ಈ ಕಾಲದಲ್ಲಿ ಬಹಳ. ಆದರೆ ಸತ್ಯವೇದದಲ್ಲಿ ಬರುವ ನಾಮಾನನ ವೃತ್ತಾಂತವನ್ನು ಜ್ಞಾಪಿಸಿಕೊಳ್ಳಿರಿ. ಮಹಾ ಸೇನಾಧಿಪತಿಯಾದ ಆತನ ಮನೆಯಲ್ಲಿ ಸೆರೆಯಾಗಿ ಬಂದ ಒಬ್ಬ ಚಿಕ್ಕ ಹುಡುಗಿಯು ಊಳಿಗ ಮಾಡಿಕೊಂಡಿದ್ದಳು. ಆತನ ಕುಷ್ಠರೋಗಕ್ಕೆ ಪರಿಹಾರವೆಲ್ಲಿ ದೊರೆಯುವುದೆಂದು ಬಾಯಿ ತೆರೆದು ಹೇಳಿದವಳು ಅವಳು. ಪ್ರವಾದಿಯ ಮಾತಿಗೆ ಕೋಪಗೊಂಡು ಹಿಂದಿರುಗುತ್ತಿದ್ದ ಆತನಿಗೆ ಬುದ್ಧಿ ಹೇಳಿದವರೂ ಆತನ ಆಳುಗಳೇ. ಆ ಹುಡುಗಿಯು ತನ್ನ ಅಂತಸ್ತನ್ನು ನೆನೆದು ಸುಮ್ಮನಿದ್ದಿದ್ದರೆ ಅದು ವಿನಯವಾಗುತ್ತಿತ್ತೇ? ಒಡೆಯನ ಹಿತಕ್ಕಾಗಿ ಸತ್ಯವನ್ನು ನುಡಿಯುವುದೇ ಒಡೆಯನಿಗೆ ತೋರುವ ದೊಡ್ಡ ಗೌರವ. ಕೇಳಿಸಿಕೊಳ್ಳುವ ದೊಡ್ಡತನವು ನಾಮಾನನಲ್ಲಿಯೂ ಇತ್ತೆಂಬುದನ್ನು ನಮ್ಮಂತಹ ಹಿರಿಯರು ಮರೆಯಲಾಗದು.

ದೇಶಾಚಾರವು ಹಣೆಯ ಬರಹವಲ್ಲ. ಹಿರಿಯಕ್ಕನ ಚಾಳಿ ಮನೆಮಂದಿಗೆಲ್ಲಾ ಎಂಬ ಗಾದೆಯನ್ನು ನಾವು ಕೆಟ್ಟ ಚಾಳಿಗೆ ಮಾತ್ರ ಹೇಳುತ್ತೇವೆ. ಒಳ್ಳೆಯ ಚಾಳಿಯೂ ಹಾಗೆಯೇ ಹರಡುವುದು. ಹೆಣ್ಣುಮಕ್ಕಳು ಓದುವುದು ದೇಶಾಚಾರಕ್ಕೆ ವಿರುದ್ಧವೆಂದು ಹೇಳುತ್ತಿದ್ದ ಕಾಲದಲ್ಲಿ ಇಂತಹ ಶಾಲೆಗಳು ಹುಟ್ಟಿದುವು. ಈಗ ಓದದಿರುವುದೇ ಆಚಾರಕ್ಕೆ ವಿರುದ್ಧವಾಗಿದೆ. ಆಚಾರವು ಬದಲಾಗುವುದು ಭಾಷಣಗಳಿಂದಲ್ಲ, ಮನೆಯಲ್ಲಿ ದಿನದಿನವೂ ನಡೆಯುವ ಸಣ್ಣ ಕೆಲಸಗಳಿಂದ. ಅಂತಹ ಕೆಲವನ್ನು ಸೂಚಿಸಿ ಮುಗಿಸುತ್ತೇನೆ.

ತಾಯಿತಂದೆಗಳಲ್ಲಿ ನನ್ನ ವಿಜ್ಞಾಪನೆಯೇನೆಂದರೆ, ಮಗಳ ಹೆಸರನ್ನು ಶಾಲೆಗೆ ಸೇರಿಸುವ ದಿನವೇ ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಒಂದೇ ಕ್ರಮದಲ್ಲಿ ನಿಶ್ಚಯಿಸಿ, ಜನನಪತ್ರದಿಂದ ಆಧಾರ್ ಚೀಟಿಯ ವರೆಗೆ ಅದೇ ಕಾಗುಣಿತವು ಇರುವಂತೆ ನೋಡಿಕೊಳ್ಳಿರಿ. ಹತ್ತನೆಯ ತರಗತಿಯ ಪ್ರಮಾಣಪತ್ರವು ಬಂದ ಮೇಲೆ ತಿದ್ದಿಸುವುದು ಬಹಳ ಶ್ರಮ. ಅವಳ ಹೆಸರಿನ ಬ್ಯಾಂಕಿನ ಲೆಕ್ಕಕ್ಕೆ, ಸಾಧ್ಯವಾದೊಡನೆ, ಅವಳ ಕೈಯಲ್ಲಿಯೇ ಇರುವ ಮೊಬೈಲಿನ ಸಂಖ್ಯೆಯನ್ನು ಸೇರಿಸಿರಿ. ಚಿಕ್ಕವಳಾಗಿರುವಾಗ ಅವಳನ್ನು ಕಾಯುವುದು ನಿಮ್ಮ ಧರ್ಮ. ಆದರೆ ಕಾಯುವುದು ಬೇರೆ, ಕದ್ದು ನೋಡುವುದು ಬೇರೆ. ಏನನ್ನು ನೋಡುವಿರೆಂಬುದನ್ನು ಅವಳಿಗೆ ತಿಳಿಸಿಯೇ ನೋಡಿರಿ. ಅವಳು ಮೊಬೈಲಿನಲ್ಲಿ ಏನಾದರೂ ತಪ್ಪು ನಡೆದುದನ್ನು ಬಂದು ಹೇಳಿದ ದಿನ ಮೊದಲು ಬೈಯಬೇಡಿರಿ. ಅಂದು ಬೈದರೆ ಮತ್ತೊಂದು ದಿನ ಅವಳು ಹೇಳಲಾರಳು. ಮೋಸಗಾರರು ಬಾಳುವುದು ಆ ಭಯದ ಮೇಲೆಯೇ.

ಹಳೆಯ ವಿದ್ಯಾರ್ಥಿನಿಯರಲ್ಲಿ ನನ್ನ ಕೋರಿಕೆಯೇನೆಂದರೆ, ನಿಮ್ಮ ಕೈಕೆಳಗೆ ಕೆಲಸಮಾಡುವವರು ಕೆಟ್ಟ ಸಮಾಚಾರವನ್ನು ತಂದಾಗ ಅವರಿಗೆ ಮೊದಲು ವಂದನೆಯನ್ನು ಹೇಳಿರಿ. ಕಾರಣವನ್ನು ಆಮೇಲೆ ವಿಚಾರಿಸಿರಿ. ನಿಮ್ಮ ಮೇಲಿನವರು ಆಗದ ಕೆಲಸವನ್ನು ಕೇಳಿದಾಗ, ಎಷ್ಟು ಆಗುವುದು, ಯಾವಾಗ ಆಗುವುದು ಎಂಬುದನ್ನು ಮೃದುವಾಗಿಯೂ ಸ್ಪಷ್ಟವಾಗಿಯೂ ಹೇಳಿರಿ. ನಿಮ್ಮ ಊರಿನ ಮುದುಕ ತಾಯಂದಿರಿಗೆ 1930 ಎಂಬ ಸಂಖ್ಯೆಯನ್ನು ಬರೆದುಕೊಡಿರಿ. ಹಣವು ಮೋಸ ಹೋದೊಡನೆ ತಡಮಾಡದೆ ದೂರು ಕೊಡತಕ್ಕ ಸರಕಾರದ ದೂರವಾಣಿ ಸಂಖ್ಯೆಯು ಅದು. ನಿಮ್ಮಲ್ಲಿ ಯಂತ್ರಗಳಿಗೆ ಕ್ರಮವಿಧಿಗಳನ್ನು ಬರೆಯುವ ಇಂಜಿನಿಯರರಿದ್ದರೆ, ಅರ್ಜಿಯ ನಮೂನೆಯನ್ನು ಕಲ್ಪಿಸುವಾಗ, ಮೂರು ಹೆಸರುಗಳುಳ್ಳ, ತನ್ನದೆಂಬ ಮೊಬೈಲು ಇಲ್ಲದ, ಕನ್ನಡವನ್ನು ಮಾತ್ರ ಓದಬಲ್ಲ ಒಬ್ಬ ಹೆಂಗಸನ್ನು ಎದುರಿಗೆ ಕುಳ್ಳಿರಿಸಿಕೊಂಡಂತೆ ಭಾವಿಸಿಕೊಳ್ಳಿರಿ. ಅವಳಿಗೆ ಸುಲಭವಾದುದು ಎಲ್ಲರಿಗೂ ಸುಲಭವಾಗುವುದು.

ಶಾಲೆಗಳ ಕರ್ತವ್ಯವೋ ಎಂದರೆ, ಯಂತ್ರವನ್ನು ಒತ್ತುವ ಬಗೆಯನ್ನು ಮಾತ್ರ ಕಲಿಸಿ ಸುಮ್ಮನಿರುವುದಲ್ಲ. ಕರಿಹಲಗೆಯ ಮೇಲೆ ಉಪಾಧ್ಯಾಯಿನಿಯು ಬರೆದ ಲೆಕ್ಕದಲ್ಲಿ ತಪ್ಪಿದ್ದರೆ ಎದ್ದುನಿಂತು ವಿನಯದಿಂದ ಹೇಳುವ ಹುಡುಗಿಯನ್ನು ತರಗತಿಯ ಮುಂದೆ ಮೆಚ್ಚಿಕೊಳ್ಳುವುದರಿಂದ ಈ ವಿದ್ಯೆಯು ಆರಂಭವಾಗತಕ್ಕದ್ದು. ಗಣಿತದ ತರಗತಿಯಲ್ಲಿ ಅಷ್ಟನ್ನು ಕಲಿತವಳು ಮುಂದೆ ಕಚೇರಿಯ ಯಂತ್ರವು ತಪ್ಪು ಲೆಕ್ಕವನ್ನು ತೋರಿಸಿದಾಗ, ಅದು ಎಷ್ಟೇ ದೊಡ್ಡ ಸಂಸ್ಥೆಯ ಯಂತ್ರವಾಗಿದ್ದರೂ, ನಿರಪರಾಧಿಯ ಮೇಲೆ ಅಪವಾದವು ಬೀಳುವ ಮುಂಚೆ ಎದ್ದುನಿಲ್ಲುವಳು. ನಮ್ಮ ಹೆಣ್ಣುಮಕ್ಕಳಿಗೆ ಅಂತಹ ಸ್ಥೈರ್ಯವನ್ನೂ, ನಮ್ಮಂತಹ ಹಿರಿಯರಿಗೆ ಅವರ ಮಾತನ್ನು ಕೇಳುವ ಕಿವಿಯನ್ನೂ ದೇವರು ದಯಪಾಲಿಸಲಿ.